ಘಾಟಿ ಇಳಿಯಲು ಒಂದು ಕಂಪ್ಯೂಟರ್

ನನ್ನ ಕಂಪ್ಯೂಟರಿಗೆ ಹನ್ನೊಂದು ವರ್ಷ ತುಂಬಿತ್ತು. ಯಲ್ಲಾಪುರದ ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮೊದಲ ಎರಡು ವರ್ಷದ ಉಳಿತಾಯವನ್ನೆಲ್ಲ ಸುರಿದು, ಹುಬ್ಬಳ್ಳಿಯಿಂದ ಒಂದೊಂದೇ ಭಾಗ ತಂದು, ಆಟ ಆಡುವುದಕ್ಕೆಂದೇ ಜೋಡಿಸಿದ ಯಂತ್ರ ಅದು. ಆಗ ಅದನ್ನು ನೋಡುವುದಕ್ಕೆಂದೇ ಗೆಳೆಯರು ಮನೆಗೆ ಬರುತ್ತಿದ್ದರು. ಈಗ ಗುಂಡಿ ಒತ್ತಿ ಹಲ್ಲುಜ್ಜಿ ಬರುವಷ್ಟರಲ್ಲಿ ಪರದೆ ಬೆಳಗುತ್ತಿತ್ತು, ಚಾ ಕುಡಿದು ಬರುವಷ್ಟರಲ್ಲಿ ಮೌಸ್ ಅಲ್ಲಾಡುತ್ತಿತ್ತು. ಮಾರಲು ಹೋದರೆ ಗುಜರಿಯವನೂ ಮೂಗು ಮುರಿಯುವ ಸ್ಥಿತಿ. ಹೊಸ ಆಟ ಯಾವುದೂ ಅದರಲ್ಲಿ ಓಡುತ್ತಿರಲಿಲ್ಲ. ಲಾರಿ ಓಡಿಸುವ ಒಂದು ಹಳೆಯ ಆಟ ಮಾತ್ರ ಕುಂಟುತ್ತಾ ಓಡುತ್ತಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಸಾಕಾಗಿತ್ತು ಎನ್ನುವುದು ಸುಳ್ಳು. ಆಟದ ಚಿತ್ರ ಚೆನ್ನಾಗಿ ಮೂಡಿಸುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕಿಸಬೇಕೆಂಬ ಆಸೆ ಮೂರು ವರ್ಷದಿಂದ ಇತ್ತು. ಮೂವತ್ನಾಲ್ಕು ದಾಟಿದ ಗಂಡಸು ಆಟದ ಯಂತ್ರಕ್ಕೆ ಹಣ ಹಾಕುತ್ತೇನೆಂದು ಮನೆಯಲ್ಲಿ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಮನೆಯಲ್ಲಿ ನಾವು ಮೂವರೇ. ಅಬ್ಬಾ, ಅಮ್ಮಿ, ನಾನು. ಅಬ್ಬಾ ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಗಾಡಿ ಓಡಿಸಿದವರು. ಹುಡುಗನಾಗಿದ್ದಾಗ ಲಾರಿ ಕ್ಲೀನರ್ ಆಗಿ ಹತ್ತಿದವರು ಅರಬೈಲ್ ಘಾಟಿಯನ್ನು ಎಷ್ಟು ಸಲ ಇಳಿದು ಎಷ್ಟು ಸಲ ಏರಿದರೋ ಅವರಿಗೇ ಗೊತ್ತಿಲ್ಲ. ಲಾರಿ ಬಿಟ್ಟ ಮೇಲೆ ಒಂದು ಪಿಕಪ್ ಇಟ್ಟುಕೊಂಡು, ವಾರಕ್ಕೆ ಮೂರು ದಿನ ಅಡಿಕೆ ಮೂಟೆಗಳನ್ನು ಶಿರಸಿ ಮಾರುಕಟ್ಟೆಗೆ ಮುಟ್ಟಿಸುತ್ತಿದ್ದರು. ನಮ್ಮ ಮನೆಮಾತು ಉರ್ದು. ಆದರೆ ಅಬ್ಬಾಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಉಸ್ತಾದ್ ಒಬ್ಬ ಗೌಡರು. ಹಾಗಾಗಿ ಗಾಡಿಯ ಸುದ್ದಿ ಬಂತೆಂದರೆ ಅವರ ಬಾಯಿ ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು. ನಾನೂ ಅಮ್ಮಿಯೂ ಅದರಲ್ಲೇ ಉತ್ತರ ಕೊಡುತ್ತಿದ್ದೆವು. ಉಪ್ಪು ಹುಳಿ ಉರ್ದುವಿನಲ್ಲಿ, ಗೇರು ಬ್ರೇಕು ಕನ್ನಡದಲ್ಲಿ.

ನನ್ನ ಆಟವನ್ನು ಅಬ್ಬಾ ಮೊದಮೊದಲು ಲೇವಡಿ ಮಾಡುತ್ತಿದ್ದರು. “ಡೀಸೆಲ್ ಇಲ್ಲ, ಪೊಲೀಸ್ ಇಲ್ಲ, ಪಂಚರ್ ಇಲ್ಲ. ಇದೆಂತಾ ಲಾರಿ ಮಾರಾಯಾ?” ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಲೋಡು ರದ್ದಾಗಿ ಬೇಜಾರಿನಲ್ಲಿ ಕೂತಿದ್ದವರು, ಮೇಜಿಗೆ ಕಚ್ಚಿಸಿದ್ದ ಆಟದ ಸ್ಟೇರಿಂಗಿಗೆ ಸುಮ್ಮನೆ ಕೈ ಹಚ್ಚಿದರು. ಯಾರೋ ಪುಣ್ಯಾತ್ಮರು ಆ ಆಟಕ್ಕೆ ನಮ್ಮ ದೇಶದ ರಸ್ತೆಗಳ ನಕ್ಷೆಯೊಂದನ್ನು ಮಾಡಿ ಹಂಚಿದ್ದಾರೆ. ಎಡಬದಿಯ ಸಂಚಾರ, ಹಳದಿ ತಲೆಯ ಮೈಲುಗಲ್ಲು, ಹಾರ್ನ್ ಮಾಡಿರೆಂಬ ಬೋರ್ಡು, ಜೊತೆಗೆ ಒಂದು ಘಾಟಿ. ಅಬ್ಬಾ ಘಾಟಿಯ ಎರಡು ತಿರುವು ಇಳಿದು ಗಾಡಿ ನಿಲ್ಲಿಸಿ, “ಇದು ಅರಬೈಲ್ ಅಲ್ಲ. ಅದರ ತಮ್ಮ ಇರಬೇಕು” ಎಂದರು. ಅಂದಿನಿಂದ ಲೋಡಿಲ್ಲದ ದಿನ ಮಧ್ಯಾಹ್ನದ ನಮಾಜು ಮುಗಿಸಿ ಅರ್ಧ ಗಂಟೆ ನನ್ನ ಕುರ್ಚಿ ಅವರದಾಯಿತು. ಕೂರುವ ಮೊದಲು ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಹೇಳಿ, ಸ್ಟೇರಿಂಗ್ ಮುಟ್ಟಿದ ಕೈಯನ್ನು ಎದೆಗೆ ಮುಟ್ಟಿಸುತ್ತಿದ್ದರು. ನಾನು ನಕ್ಕರೆ ಗುರಾಯಿಸುತ್ತಿದ್ದರು.

ಹೀಗಿರುವಾಗ ಪಿಕಪ್ಪಿನ ಎಡಗನ್ನಡಿ ಒಡೆಯಿತು. ಬಸ್ಸಿನವನು ಒತ್ತಿಕೊಂಡು ಬಂದ ಎಂದರು ಅಬ್ಬಾ. ಹೊಸದು ಹಾಕಿಸಿ ತಿಂಗಳಾಗಿರಲಿಲ್ಲ, ಅದೂ ಒಡೆಯಿತು. ರಸ್ತೆ ಬದಿಯ ಪೊದೆ ಯಾರೂ ಕಡಿಯುವುದಿಲ್ಲ ಎಂದರು. ಅಮ್ಮಿ ಹುಬ್ಬಳ್ಳಿ ಕಡೆಯವಳು, ಮುಲಾಜು ಕಡಿಮೆ.

“ನಿಮಗ ಅರವತ್ನಾಕು ಆತು. ಸಾಕ ಮಾಡ್ರಿ ಇನ್ನ,” ಎಂದಳು.

“ನನ್ನ ತಪ್ಪು ಎಲ್ಲಿ ಅದೆ ತೋರ್ಸು. ತೋರ್ಸಿದ್ರೆ ಇವತ್ತೇ ಬಿಡ್ತೆ,” ಎಂದರು ಅಬ್ಬಾ.

ನಾನು ಮಧ್ಯೆ ಬಾಯಿ ಹಾಕಿದೆ. ತಮಾಷೆಗೇ ಹೇಳಿದ್ದು. “ಆಟದ ಘಾಟಿ ಇದೆಯಲ್ಲ, ಅದರಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಲೋಡು ಇಳಿಸಿ. ಒಂದು ಗೀರೂ ಬೀಳಬಾರದು. ಇಳಿಸಿದರೆ ನಾವಿಬ್ಬರೂ ಇನ್ನು ಬಾಯಿ ಎತ್ತುವುದಿಲ್ಲ. ಇಲ್ಲದಿದ್ದರೆ ಪಿಕಪ್ಪಿನ ಕೀಲಿ ನನಗೆ.”

ಬೈಯುತ್ತಾರೆಂದುಕೊಂಡಿದ್ದೆ. ಅಬ್ಬಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಆತು,” ಎಂದರು.

ಪಿಕಪ್ ಬಿಟ್ಟರೆ ಅಬ್ಬಾ ಏನು ಮಾಡುತ್ತಾರೆ ಎಂದು ಆ ಕ್ಷಣಕ್ಕೆ ನಾನು ಯೋಚಿಸಲಿಲ್ಲ. ಅವರಿಗೆ ಬೇರೆ ಹವ್ಯಾಸವಿಲ್ಲ. ಕೂತು ಹರಟುವ ಗೆಳೆಯರೂ ಎಲ್ಲರೂ ಗಾಡಿಯವರೇ. ಶಿರಸಿಗೆ ಹೋಗಿ, ಹಮಾಲರ ಜೊತೆ ಚಾ ಕುಡಿದು, ಯಾರ ಗಾಡಿ ಎಲ್ಲಿ ಕೆಟ್ಟು ನಿಂತಿದೆ ಎಂಬ ಸುದ್ದಿ ಹೊತ್ತು ಬರುವುದೇ ಅವರ ಬದುಕು. ಅದನ್ನೆಲ್ಲ ಒಂದು ಕೀಲಿಗೆ ಕಟ್ಟಿ ಪಣಕ್ಕಿಟ್ಟಿದ್ದರು. ನಾನೂ ಇಡಿಸಿದ್ದೆ.

ಮೊದಲ ಓಟ ಮರುದಿನವೇ. ಮೂರನೆಯ ತಿರುವಿನಲ್ಲಿ ಎಡಗಡೆಯ ಮೈಲುಗಲ್ಲಿಗೆ ಲಾರಿ ತಾಗಿತು. ಸರಕಿಗೆ ಏಟು ಬಿದ್ದಿದೆ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು.

“ಚಿತ್ರ ಎಗರ್ತದೆ. ತಿರುಗ್ಸೂವಾಗ ನಿಂತೇ ಹೋತು. ಮತ್ತೆ ಬರೂದ್ರಾಗೆ ಕಲ್ಲು ಬಂದಿತ್ತು,” ಎಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದೆ ನಾನು. ಕೀಲಿಗೆ ಕೈ ಚಾಚಿಯೂ ಬಿಟ್ಟೆ.

ಅಬ್ಬಾ ಸಿಟ್ಟಾಗಲಿಲ್ಲ. “ನೆಲ ಡೊಂಕು ಹೌದೋ ಅಲ್ಲೋ ನೋಡ್ಬೇಕಲ್ಲ. ಮೊದ್ಲು ನಿನ್ನ ಗಾಡಿ ಕಂಡೀಷನ್ ಮಾಡು. ಕಂಡೀಷನ್ ಇಲ್ಲದ್ ಗಾಡಿ ಕೊಟ್ಟು ಡ್ರೈವರಿಗೆ ಬೈಬಾರ್ದು.”

ಇದು ನಮ್ಮ ಮನೆಯ ಕಾನೂನು. ಎಲ್ಲ ಗಾಡಿಯವರ ಕಾನೂನೂ ಹೌದು. ಎಲ್ಲಾದರೂ ಲಾರಿ ಮಗುಚಿತೆಂದರೆ ನಮ್ಮವರು ಮೊದಲು ಕೇಳುವುದು ಬ್ರೇಕ್ ಹೇಗಿತ್ತು, ಟೈರು ಹೇಗಿತ್ತು, ಸ್ಟೇರಿಂಗಿನಲ್ಲಿ ಆಟ, ಅಂದರೆ ಸಡಿಲ, ಎಷ್ಟಿತ್ತು ಎಂದು. ಡ್ರೈವರನ ತಪ್ಪು ಎನ್ನುವುದು ಎಲ್ಲವನ್ನೂ ಬಿಚ್ಚಿ ನೋಡಿ ಏನೂ ಸಿಗದ ಮೇಲೆ. ಅಬ್ಬಾ ಹೇಳಿದ್ದರಲ್ಲಿ ನ್ಯಾಯವಿತ್ತು. ಯಂತ್ರ ನಿಜಕ್ಕೂ ಎಗರುತ್ತಿತ್ತು. ಆದರೆ ನನಗೆ ಖುಷಿಯಾದದ್ದು ನ್ಯಾಯಕ್ಕಲ್ಲ. ಮೂರು ವರ್ಷದಿಂದ ಹುಡುಕುತ್ತಿದ್ದ ಕಾರಣವನ್ನು ಅಬ್ಬಾ ತಾವಾಗಿ ಕೈಗಿತ್ತಿದ್ದರು. ಇನ್ನು ಅಮ್ಮಿಯೂ ಬೇಡ ಎನ್ನುವ ಹಾಗಿರಲಿಲ್ಲ.

ಬೈಕಿನ ಎರಡು ಟೈರಿಗೂ ವಿಮೆಗೂ ಎಂದು ತೆಗೆದಿಟ್ಟ ಹನ್ನೆರಡು ಸಾವಿರ ನನ್ನಲ್ಲಿತ್ತು. ಹೊಸ ಯಂತ್ರಕ್ಕೆ ಅದರ ಐದು ಪಟ್ಟು ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನನ್ನಲ್ಲಿ ಇದ್ದದ್ದು ಹಾಸಿಗೆಯೂ ಅಲ್ಲ, ಕರವಸ್ತ್ರ. ಏನೇನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ಮೊಬೈಲು ನೋಡಿ ಚೀಟಿ ಬರೆಯುತ್ತಿದ್ದೆ. ಅಬ್ಬಾ ಚೀಟಿಯನ್ನು ಪಕ್ಕಕ್ಕೆ ಸರಿಸಿದರು.

“ಸಾಮಾನು ತರೂದು ಆಮೇಲೆ. ಮೊದ್ಲು ಏರ್ ಹೊಡ್ಸು.”

ಇಂಜಿನ್ ಎಳೆಯದಿದ್ದರೆ ಏರ್ ಫಿಲ್ಟರ್ ಬಿಚ್ಚಿ ಗಾಳಿ ಹೊಡೆಸುವುದು ಗಾಡಿಯವರ ಮೊದಲ ಮದ್ದು. ಕಂಪ್ಯೂಟರಿನ ಡಬ್ಬಿ ತೆರೆದು ನೋಡಿದರೆ ಹನ್ನೊಂದು ವರ್ಷದ ದೂಳು ಕಂಬಳಿಯ ಹಾಗೆ ಕೂತಿತ್ತು. ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ನನಗೂ ಸರಿಯೆನ್ನಿಸಿತು. ಇಬ್ಬರೂ ಅದನ್ನು ಪಿಕಪ್ಪಿನಲ್ಲಿಟ್ಟುಕೊಂಡು ಹೆದ್ದಾರಿಯ ಪಂಚರ್ ಅಂಗಡಿಗೆ ಹೋದೆವು. ಅಂಗಡಿಯವನು ಅಬ್ಬಾನ ಹಳೆಯ ಪರಿಚಯ. ಲಾರಿ ಟೈರಿಗೆ ಗಾಳಿ ತುಂಬುವ ಪೈಪನ್ನೇ ಎಳೆದು ತಂದು, ನನ್ನ ಯಂತ್ರದ ಹೊಟ್ಟೆಗೆ ಹಿಡಿದು ಬಿಟ್ಟ.

ಮೊದಲು ದೂಳೆದ್ದಿತು. ಆಮೇಲೆ ನೀರು ಬಂತು. ಮಳೆಗಾಲದಲ್ಲಿ ಗಾಳಿಯ ಟ್ಯಾಂಕಿಯೊಳಗೆ ನೀರು ಕಟ್ಟುತ್ತದೆ, ದಿನಾ ಬೆಳಿಗ್ಗೆ ಬಸಿಯಬೇಕು. ಅವನು ಬಸಿದಿರಲಿಲ್ಲ. ತುಕ್ಕು ಬೆರೆತ ನೀರು ಬೋರ್ಡಿನ ಮೇಲೆಲ್ಲ ಚಿಮ್ಮಿತು. ಪ್ರೊಸೆಸರಿನ ಮೇಲಿನ ಫ್ಯಾನು ಬುಗುರಿಯಂತೆ ತಿರುಗಿ, ಒಂದು ರೆಕ್ಕೆ ಟಪ್ಪೆಂದು ಮುರಿದು ಹಾರಿತು. ಮೂವರೂ ಅದು ಬಿದ್ದ ಜಾಗವನ್ನು ನೋಡುತ್ತಾ ನಿಂತೆವು.

“ಗಾಡಿಗಾಗಿದ್ರೆ ಎಂತದೂ ಆಗ್ತಿರ್ಲಿಲ್ಲ,” ಎಂದ ಅಂಗಡಿಯವನು.

ಲೋಕದಲ್ಲಿ ಕಂಪ್ಯೂಟರನ್ನು ಪಂಚರ್ ಅಂಗಡಿಗೆ ಒಯ್ಯುವ ಮನೆ ನಮ್ಮದೊಂದೇ ಎಂದು ದಾರಿಯುದ್ದಕ್ಕೂ ಕೂಗಾಡಿದೆ.  ಮಳೆ ಬಿಡುವು ಕೊಟ್ಟ ಎರಡು ದಿನ ಅದು ಜಗಲಿಯ ಕುರ್ಚಿಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿತು. ಅಮ್ಮಿ ಅದರ ಪಕ್ಕದಲ್ಲೇ ಮೆಣಸಿನಕಾಯಿ ಹರವಿದಳು.

ಮುಂದಿನ ಲೋಡಿನ ದಿನ ಆಫೀಸಿಗೆ ರಜೆ ಹಾಕಿ, ಅಡಿಕೆ ಮೂಟೆಗಳ ಜೊತೆಗೆ ಅದನ್ನೂ ಹೇರಿಕೊಂಡು ಶಿರಸಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಒಬ್ಬರು ಹಳೆಯ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಹಾವೇರಿ ಕಡೆಯವರು, ಮೊದಲು ಟಿವಿ ರಿಪೇರಿ ಮಾಡುತ್ತಿದ್ದವರು.

“ಬರ್ರಿ, ಕೂಡ್ರಿ,” ಎಂದು ಡಬ್ಬಿ ತೆರೆದವರು ಕನ್ನಡಕ ಏರಿಸಿ ನೋಡಿದರು. “ಇದಕ್ಕ ನೀರ ಯಾರ ಕುಡಿಸಿದ್ರೀ?”

ಅಬ್ಬಾ ಅಂಗಡಿಯ ಸೂರಿನ ಕಡೆ ನೋಡತೊಡಗಿದರು.

ಬೋರ್ಡು ಬದುಕಿತ್ತು. ಅವರು ಹೊಸ ಫ್ಯಾನು ಹಾಕುವ ಮೊದಲು ಪ್ರೊಸೆಸರಿನ ಮೇಲೆ ಒಣಗಿ ಹಕ್ಕಳೆಯಾಗಿದ್ದ, ಬಿಸಿ ಎಳೆಯುವ ಹಳೆಯ ಪೇಸ್ಟನ್ನು ಕೆರೆದು, ಟ್ಯೂಬಿನಿಂದ ಹೊಸದನ್ನು ಒಂದು ಬಟಾಣಿಯಷ್ಟು ಹಿಂಡಿದರು. ಅಬ್ಬಾ ಬಗ್ಗಿ ನೋಡಿದರು.

“ಗ್ರೀಸಾ?”

“ಹಂಗ ತಿಳ್ಕೋರಿ.”

“ಇಷ್ಟೇ ಸಾಕಾ?”

“ಜಾಸ್ತಿ ಹಚ್ಚಿದ್ರ ಹೊರಗ ಬಂದು ಹೊಲಸಾಕ್ಕೈತ್ರಿ.”

“ಬೇರಿಂಗಿಗೂ ಹಂಗೇ,” ಎಂದರು ಅಬ್ಬಾ. ಅಷ್ಟರಿಂದ ಅವರಿಬ್ಬರ ಸ್ನೇಹ ಕೂಡಿಬಿಟ್ಟಿತು. ನಾನು ಕಾರ್ಡಿನ ಮಾತು ತೆಗೆದರೆ ಇಬ್ಬರೂ ಒಂದಾಗಿ ಬೇಡ ಎಂದರು. ಮೊದಲು ಗರಗರ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಚುರುಕಾದ ಎಸ್‌ಎಸ್‌ಡಿ ಹಾಕುವುದು, ಬಳಸಿದ್ದಾದರೂ ಸರಿ ಇನ್ನೊಂದು ರ‍್ಯಾಮ್ ಸೇರಿಸುವುದು. ಅದರಿಂದ ಎಗರುವುದು ನಿಂತರೆ ಕಾರ್ಡಿನ ಖರ್ಚೇ ಉಳಿಯಿತು.

“ಎಲ್ಲಾ ಒಟ್ಟಿಗೆ ಬದ್ಲು ಮಾಡಿದ್ರೆ ತಪ್ಪು ಯಾವ್ದ್ರಲ್ಲಿತ್ತು ಹೇಳಿ ಗೊತ್ತಾಗೂದಿಲ್ಲ,” ಎಂದರು ಅಬ್ಬಾ. ಮೂರೂವರೆ ಸಾವಿರ ಖರ್ಚಾಯಿತು. ಕಾರ್ಡಿನ ಖರ್ಚು ಉಳಿದೀತೆಂದು ನನಗೆ ಒಳಗೊಳಗೇ ಬೇಜಾರು.

ಮನೆಗೆ ತಂದು ಗುಂಡಿ ಒತ್ತಿದರೆ, ಹಲ್ಲುಜ್ಜುವ ಮಾತು ಬಿಡಿ, ಬ್ರಶ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಪರದೆ ಸಿದ್ಧವಾಗಿತ್ತು. ಅಬ್ಬಾ ಎರಡನೆಯ ಓಟಕ್ಕೆ ಕೂತರು. ಎಗರುವುದು ಪೂರಾ ನಿಂತಿತ್ತು. ಐದು ತಿರುವು ಇಳಿದ ರೀತಿ ನೋಡಬೇಕಿತ್ತು. ಬ್ರೇಕಿಗೆ ಕಾಲೇ ಇಡದೆ ಗೇರಿನಲ್ಲೇ ಲಾರಿಯನ್ನು ಹಿಡಿದುಕೊಂಡು ಬಂದರು. ಆರನೆಯದರಲ್ಲಿ ಮತ್ತೆ ಎಡಗಡೆಯ ಕಲ್ಲು.

“ಈ ಕಲ್ಲು ಒಮ್ಮೆಲೇ ಹುಟ್ತು,” ಎಂದರು.

ಈ ಸಲ ಗಾದೆ ಹೇಳಲು ಹೋಗದೆ ನಾನೇ ಕೂತು ಓಡಿಸಿ ನೋಡಿದೆ. ಅವರ ಮಾತು ನಿಜವಾಗಿತ್ತು. ಹಳೆಯ ಕಾರ್ಡಿಗೆ ಭಾರವಾಗಬಾರದೆಂದು ನಾನೇ ಚಿತ್ರದ ವಿವರಗಳನ್ನೆಲ್ಲ ಕನಿಷ್ಠಕ್ಕೆ ಇಳಿಸಿಟ್ಟಿದ್ದೆ. ಅದರಿಂದಾಗಿ ದೂರದ ಮರ, ಕಂಬ, ಕಲ್ಲು ಯಾವುದೂ ಕಾಣದೆ, ಹತ್ತಿರ ಹೋದಾಗ ನೆಲದಿಂದ ಎದ್ದು ನಿಂತಂತೆ ಮೂಡುತ್ತಿತ್ತು. ನಾನೂ ಕಲ್ಲಿನಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಹಾಗಾದರೆ ಕಾರ್ಡು ಬೇಕೇ ಬೇಕು ಎಂದು ಅಮ್ಮಿಯ ಮುಂದೆ ಘೋಷಿಸಿದೆ.

“ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ. ಹಂಗಾತು ನಿಮ್ದು,” ಎಂದಳು ಅಮ್ಮಿ.

ಉಳಿದ ಎಂಟೂವರೆ ಸಾವಿರದಲ್ಲಿ ಹೊಸ ಕಾರ್ಡಿನ ಕನಸು ಕಾಣುವಂತಿರಲಿಲ್ಲ. ಬಳಸಿದ್ದನ್ನೇ ಹುಡುಕಬೇಕು. ವಾರವಿಡೀ ಮೊಬೈಲು ಜಾಲಾಡಿದ ಮೇಲೆ ಸಿದ್ದಾಪುರದಲ್ಲೊಬ್ಬರು ಮಾರುತ್ತಿರುವುದು ಕಂಡಿತು. ಕಾಲೇಜಿನಲ್ಲಿ ಪಾಠ ಮಾಡುವ ತರುಣ. ಮಗಳು ಹುಟ್ಟಿದ್ದಾಳೆ, ಆಡಲು ಪುರುಸೊತ್ತಿಲ್ಲ, ಆರೂವರೆ ಸಾವಿರಕ್ಕೆ ಕೊಡುತ್ತೇನೆ ಎಂದರು. ಶಿರಸಿಗೆ ಲೋಡಿದ್ದ ದಿನವೇ ಮೂಟೆ ಇಳಿಸಿ ಹಾಗೇ ಸಿದ್ದಾಪುರಕ್ಕೆ ಹೊರಟೆವು.

ನಾನು ಎಡಗಡೆ ಕೂತಿದ್ದೆ. ರಸ್ತೆ ಸಣ್ಣದು. ಪೊದೆಯ ಕೊಂಬೆಗಳು ಕನ್ನಡಿಗೆ ಬಡಿದು ಒಳಗೆ ನುಗ್ಗುತ್ತಿದ್ದವು. ಎರಡು ಸಲ ಮೊಣಕೈ ಒಳಗೆಳೆದುಕೊಂಡೆ. “ಸ್ವಲ್ಪ ಬಲಕ್ಕೆ ಬನ್ನಿ ಅಬ್ಬಾ,” ಎಂದೆ. “ಎದುರಿಂದ ಬಸ್ಸು ಬಂದ್ರೆ ನೀ ಇಳ್ದು ಜಾಗ ಮಾಡ್ತ್ಯಾ?” ಎಂದರು. ಬಸ್ಸು ಬಂದೂ ಬಂತು.  ನನ್ನ ತಲೆಯೊಳಗೆ ಕಾರ್ಡು ಬಿಟ್ಟರೆ ಬೇರೇನೂ ಇರಲಿಲ್ಲ.

ಮಾರುವವರು ಸಜ್ಜನರು. ತಮ್ಮ ಯಂತ್ರದಲ್ಲೇ ಕಾರ್ಡನ್ನು ಕಾಲು ಗಂಟೆ ಓಡಿಸಿ ತೋರಿಸಿ, ಬಿಚ್ಚಿ ಅಬ್ಬಾನ ಕೈಗೆ ಕೊಟ್ಟರು. ಅಬ್ಬಾ ಅದನ್ನು ಹಳೆಯ ಲಾರಿ ಕೊಳ್ಳುವವರ ಹಾಗೆ ನೋಡಿದರು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಅಲ್ಲಾಡಿಸಿ ಆಟ ಎಷ್ಟಿದೆ ಎಂದು ಪರೀಕ್ಷಿಸಿದರು. ಸುಟ್ಟ ವಾಸನೆ ಇದೆಯೇ ಎಂದು ಮೂಸಿದರು. ಆಮೇಲೆ ತಿರುಗಿಸಿ, ಎಳ್ಳಿನಷ್ಟು ಸಣ್ಣ ಸ್ಕ್ರೂವಿನ ಮೇಲೆ ಉಗುರಿಟ್ಟರು.

“ಇದ್ರ ತಲೆ ಸವ್ದದೆ. ಒಂದ್ಸಲ ಇಂಜಿನ್ ಬಿಚ್ಚಿದ್ರಿ ನೀವು.”

ತರುಣನ ಮುಖ ಕೆಂಪಾಯಿತು. “ಹೌದು, ಕಳೆದ ವರ್ಷ ಪೇಸ್ಟ್ ಬದಲಾಯಿಸಿದ್ದೆ. ಹೇಳಬೇಕಿತ್ತು, ಮರೆತೆ,” ಎಂದರು. ಏಳುನೂರು ಇಳಿಯಿತು. ಅವರ ತಾಯಿ ಒಳಗಿನಿಂದ ಬಂದು, “ಕೂತ್ಕಳಿ, ಚಾ ಕುಡ್ಕಂಡು ಹೋಗ್ಲಕ್ಕು,” ಎಂದರು. ಚಾದ ಜೊತೆ ಅವಲಕ್ಕಿಯೂ ಬಂತು. ಅಬ್ಬಾ ಆ ಮಗುವನ್ನು ಒಂದು ಗಳಿಗೆ ಎತ್ತಿಕೊಂಡು ಐವತ್ತು ರೂಪಾಯಿ ಕೈಗಿಟ್ಟರು. ಇಳಿಸಿದ ಏಳುನೂರರಲ್ಲಿ ಅಷ್ಟು ವಾಪಸಾದಂತಾಯಿತು.

ಬರುವಾಗ ಅಬ್ಬಾ ಗುನುಗುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನೋಡಿ ವರ್ಷವಾಗಿತ್ತು. ಸ್ಕ್ರೂವಿನ ಮೇಲಿನ ಗೀರು ನನಗೆ ತೋರಿಸಿದ ಮೇಲೂ ಕಂಡಿರಲಿಲ್ಲ, ಅವರಿಗೆ ಮೊದಲ ನೋಟಕ್ಕೇ ಕಂಡಿತ್ತು. ಇಂಥ ಕಣ್ಣಿರುವ ಮನುಷ್ಯನ ಕೈಯಿಂದ ಕೀಲಿ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮೊದಲ ಓಟದಲ್ಲಿ ಅವರು ಸೋಲಲಿ ಎಂದು ಕಾಯುತ್ತಿದ್ದವನು ಈಗ ಅವರು ಗೆಲ್ಲಲಿ ಎಂದು ಬಯಸತೊಡಗಿದ್ದೆ.

ಶಿರಸಿಯಲ್ಲಿ ಇನ್ನೊಂದು ಖರ್ಚು ಕಾದಿತ್ತು. ಹೊಸ ಕಾರ್ಡಿಗೆ ಬೇಕಾದಷ್ಟು ಕರೆಂಟು ಕೊಡುವ ಶಕ್ತಿ ಹಳೆಯ ಪವರ್ ಸಪ್ಲೈಗೆ ಇರಲಿಲ್ಲ. ದೊಡ್ಡ ಲೈಟು ಹಾಕಿಸಿದ ಮೇಲೆ ಬ್ಯಾಟರಿಯೂ ದೊಡ್ಡದು ಬೇಕಲ್ಲ ಎಂದು ಅಬ್ಬಾ ನನಗಿಂತ ಮೊದಲೇ ತಲೆಯಾಡಿಸಿದರು. ಕಾರ್ಡು ಉದ್ದವಾಗಿ ಡಬ್ಬಿಯೊಳಗೆ ಕೂರಲಿಲ್ಲ. ಅಂಗಡಿಯವರು ಹಳೆಯ ಡಿಸ್ಕ್ ಇಡುವ ತಗಡಿನ ಗೂಡನ್ನು ರಿವೆಟ್ ಒಡೆದು ಕಿತ್ತು ಜಾಗ ಮಾಡಿದರು. ಹನ್ನೆರಡು ಸಾವಿರದಲ್ಲಿ ಏಳೆಂಟು ನೂರು ಉಳಿಯಿತು. ಬೈಕಿನ ಟೈರು ಇನ್ನೊಂದು ವರ್ಷ ಬೋಳಾಗಿಯೇ ಓಡಬೇಕು.

ಮೂರನೆಯ ಓಟ ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ. ಅಬ್ಬಾ ಇಸ್ತ್ರಿ ಮಾಡಿದ ಜುಬ್ಬಾದಲ್ಲೇ ಕೂತರು. ಅಮ್ಮಿ ಮಂಚದ ತುದಿಯಲ್ಲಿ ಕೂತಳು. ಘಾಟಿ ಮೂಡಿದಾಗ ನಾನೇ ಬೆರಗಾದೆ. ಅಷ್ಟು ವರ್ಷ ಆಡಿದ ಆಟದಲ್ಲಿ ಕಣಿವೆಯ ಆಚೆ ಇನ್ನೊಂದು ಗುಡ್ಡವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ರಸ್ತೆಯ ಅಂಚಿನ ಹುಲ್ಲು, ತಡೆಗೋಡೆಯ ಬಣ್ಣ, ಎರಡು ತಿರುವು ಕೆಳಗಿನ ಕಂಬ ಎಲ್ಲವೂ ಮೊದಲಿನಿಂದಲೇ ನಿಂತಿದ್ದವು. ಯಾವುದೂ ಎಗರಲಿಲ್ಲ, ಯಾವುದೂ ಒಮ್ಮೆಲೇ ಹುಟ್ಟಲಿಲ್ಲ.

ಅಬ್ಬಾ ಒಂಬತ್ತು ತಿರುವು ಇಳಿದರು. ಇನ್ನು ಮೂರು ಉಳಿದಿದ್ದವು.  ಹತ್ತನೆಯ ತಿರುವಿನ ಎಡಗಡೆ ಹಳದಿ ತಲೆಯ ಮೈಲುಗಲ್ಲೊಂದು ದೂರದಿಂದಲೇ ಬಿಸಿಲಿಗೆ ಹೊಳೆಯುತ್ತಿತ್ತು. ಈಗ ಬಲಕ್ಕೆ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎಂದು ಕಾದೆ. ಅಮ್ಮಿ ನನ್ನ ತೋಳು ಹಿಡಿದುಕೊಂಡಳು. ಲಾರಿ ಸ್ವಲ್ಪವೂ ವಾಲದೆ, ಅವಸರವಿಲ್ಲದೆ ಹೋಗಿ ಕಲ್ಲಿಗೆ ಗುದ್ದಿತು.

ಅಬ್ಬಾ ಬ್ರೇಕ್ ಒತ್ತಿ, ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದರು. ಈಗ ಯಾವುದಕ್ಕೆ ಬೈಯುತ್ತಾರೋ ಎಂದು ನಾನು ಅವರ ಬಾಯಿ ನೋಡುತ್ತಿದ್ದೆ.

“ಅಲ್ಲಿ ಕಲ್ಲಿತ್ತಾ?” ಎಂದು ಕೇಳಿದರು.

“ಇತ್ತು ಅಬ್ಬಾ.”

“ಮೊದ್ಲಿಂದ?”

“ತಿರುವು ಶುರುವಾದಲ್ಲಿಂದ ಕಾಣುತ್ತಿತ್ತು.”

ಅಮ್ಮಿಯ ಕಡೆ ತಿರುಗಿದರು. ಆಟದ ತಲೆಬುಡ ಗೊತ್ತಿಲ್ಲದ ಅಮ್ಮಿ ಹೌದೆಂದು ತಲೆಯಾಡಿಸಿದಳು. ಅಬ್ಬಾ ಮತ್ತೆ ಪರದೆಗೆ ಮುಖ ಮಾಡಿ ಕೂತರು. ಮೆಲ್ಲಗೆ ಮುಖವನ್ನು ಎಡಕ್ಕೆ ತಿರುಗಿಸಿದರು. “ಈಗ ಕಾಣ್ತದೆ,” ಎಂದರು. ಮುಖವನ್ನು ನೇರ ಮಾಡಿದರು. “ಈಗ ಇಲ್ಲ.”

ಮತ್ತೆ ಎಡಕ್ಕೆ, ಮತ್ತೆ ನೇರಕ್ಕೆ. ಹೀಗೆ ನಾಲ್ಕೈದು ಸಲ ಮಾಡಿದರು. ಸ್ಟೇರಿಂಗಿನಲ್ಲಿ ಆಟ ಎಷ್ಟಿದೆ ಎಂದು ನೋಡುವಾಗಲೂ ಅವರು ಅದನ್ನು ಹೀಗೇ ಅತ್ತಿತ್ತ ತಿರುಗಿಸುತ್ತಿದ್ದರು. ಹದಿನೈದು ದಿನದ ಮೇಲೆ ಕಣ್ಣಿನ ಡಾಕ್ಟರು ಯಂತ್ರದೊಳಗೆ ತಲೆ ಇಡಿಸಿ ಹೇಳಿದ್ದೂ ಅದನ್ನೇ. ಎದುರಿಗಿದ್ದದ್ದು ಚೆನ್ನಾಗಿ ಕಾಣುತ್ತದೆ, ಎಡಗಡೆಯದು ಹೋಗಿದೆ, ಹೋಗಿದ್ದು ತನಗೇ ತಿಳಿಯುವುದಿಲ್ಲ ಎಂದರು. ಆದರೆ ಆ ಶುಕ್ರವಾರವೇ ನಮ್ಮ ಮೂವರಿಗೂ ಅದು ಗೊತ್ತಾಗಿಹೋಗಿತ್ತು.

“ಎರಡ್ನೇ ಸಲ ಕನ್ನಡಿ ಒಡೆಯೂಕಿಂತ ನಾಕು ದಿನ ಮೊದ್ಲು,” ಅಬ್ಬಾ ಪರದೆ ನೋಡುತ್ತಲೇ ಹೇಳಿದರು, “ಮಂಚಿಕೇರಿ ದಾಟಿದ್ಮೇಲೆ ಒಂದು ಶಾಲೆ ಹುಡುಗಿ ರಸ್ತೆ ಬದಿಗೆ ನಿಂತಿತ್ತು. ನಾ ಅದ್ನ ನೋಡ್ಲೇ ಇಲ್ಲ. ದಾಟಿದ್ಮೇಲೆ ಕನ್ನಡೀಲಿ ಕಂಡ್ತು. ಚರಂಡೀಲಿ ಬಿದ್ಕಂಡಿತ್ತು, ಹೆದ್ರಿ ಹಾರಿದ್ದು. ಅದ್ರ ಛತ್ರಿ ಹಿಂದಿನ ಚಕ್ರಕ್ಕೆ ಸಿಕ್ತು.”

“ಅದಕ್ಕೇನಾರ ಆತಾ?” ಅಮ್ಮಿ ಮಂಚದಿಂದ ಎದ್ದಳು.

“ಎದ್ದು ನಿಂತಿದ್ದು ಕಂಡ್ತು. ನಾ ನಿಲ್ಸಲಿಲ್ಲ. ಕಾಲು ಬ್ರೇಕಿಗೇ ಹೋಗ್ಲಿಲ್ಲ.”

 ಪರದೆಯ ಮೇಲೆ ಲಾರಿಯ ಇಂಜಿನ್ ಸಣ್ಣಗೆ ಓಡುತ್ತಲೇ ಇತ್ತು. ಅಬ್ಬಾ ಅದನ್ನು ಬಂದ್ ಮಾಡಿದರು.

“ನೀ ಪಂದ್ಯ ಕಟ್ಟಿದಾಗ ಅದ್ಕೇ ಆತು ಅಂದಿದ್ದು. ಇಲ್ಲಿ ಗುದ್ದಿದ್ರೆ ಯಾರೂ ಸಾಯೂದಿಲ್ಲ. ತಪ್ಪು ಗಾಡೀದೋ ನಂದೋ ಹೇಳಿ ಗೊತ್ತಾಗ್ಬೇಕಿತ್ತು. ನಿನ್ನ ಮಷಿನ್ ಎಗರ್ತಿದ್ರೆ ಹೆಂಗೆ ಗೊತ್ತಾಗೂದು?”

ಇಷ್ಟು ದಿನ ಅವರು ನೆವ ಹುಡುಕುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರು ಒಂದೊಂದೇ ನೆವವನ್ನು ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಆ ಮನೆಯಲ್ಲಿ ನೆವ ಹುಡುಕಿದವನು ನಾನೊಬ್ಬನೇ, ಅದೂ ಒಂದು ಕಾರ್ಡಿಗಾಗಿ.  ಸಿದ್ದಾಪುರದ ದಾರಿಯಲ್ಲಿ ಅವರ ಪಕ್ಕದಲ್ಲಿ ಕೂತು ಮೊಣಕೈ ಒಳಗೆಳೆದುಕೊಂಡಿದ್ದೆನಲ್ಲ, ಆಗಲೂ ನನಗೆ ತಿಳಿಯಲಿಲ್ಲವಲ್ಲ ಎಂದು ಅಳು ಬಂತು. ಅಬ್ಬಾ ಎದ್ದು ಜುಬ್ಬಾದ ಜೇಬಿನಿಂದ ಕೀಲಿ ತೆಗೆದು ಕೀಬೋರ್ಡಿನ ಪಕ್ಕದಲ್ಲಿಟ್ಟರು.

“ಸೋಮವಾರ ಲೋಡದೆ. ನೀ ಓಡ್ಸು, ನಾ ಜೊತೆಗೆ ಬರ್ತೆ,” ಎಂದರು. “ಹೋಗೂವಾಗ ಪ್ಯಾಟೀಲಿ ಒಂದು ಛತ್ರಿ ತಗಳ್ಬೇಕು. ಮಂಚಿಕೇರಿ ದಾಟಿದ್ಮೇಲೆ ಶಾಲೆ ಬಿಡೂವರೆಗೂ ಗಾಡಿ ನಿಲ್ಸು. ಯಾವ ಹುಡುಗಿ ಹೇಳಿ ನಂಗೆ ಮುಖ ಗೊತ್ತಿಲ್ಲ.”